ಕಡಲ ನೀರಿನ ಬ್ಯಾಟರಿ ಕಿಟ್: ಕೊಳ್ಳುವ ಮೊದಲು ಹಾಕಿ ನೋಡಬೇಕಾದ ಲೆಕ್ಕ

ಕಡಲ ನೀರಿನ ಬ್ಯಾಟರಿ ಎಂದು ಹುಡುಕಿದರೆ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಸರಕು ಸಿಗುತ್ತವೆ. ಮೊದಲನೆಯದು, ಉಪ್ಪುನೀರು ಸುರಿದರೆ ಬೆಳಗುವ ದೀಪ. ಎರಡನೆಯದು, ಒಳಗೆ ಉಪ್ಪಿನ ದ್ರಾವಣ ತುಂಬಿ ಕಾರ್ಖಾನೆಯಿಂದಲೇ ಸಿದ್ಧವಾಗಿ ಬರುವ, ಸೋಲಾರ್ ಮನೆಗಳಿಗೆಂದು ಮಾಡಿದ ಭಾರೀ ಬ್ಯಾಟರಿ. ಮೂರನೆಯದು ಮಾತ್ರ ಹೆಸರಿಗೆ ತಕ್ಕದ್ದು. ಚಾರ್ಜ್ ಮಾಡುವಾಗ ಅದು ಸುತ್ತಲಿನ ಕಡಲ ನೀರಿನಿಂದ ಸೋಡಿಯಂ ಎಳೆದುಕೊಂಡು ಒಳಗೆ ಲೋಹವಾಗಿ ಕೂಡಿಡುತ್ತದೆ, ಡಿಸ್ಚಾರ್ಜ್ ಆಗುವಾಗ ಅದೇ ಸೋಡಿಯಂ ಅನ್ನು ನೀರಿಗೆ ಮರಳಿಸುತ್ತದೆ. ದಕ್ಷಿಣ ಕೊರಿಯಾದ ಉಲ್ಸಾನ್ ನಗರದ ಯುನಿಸ್ಟ್ ಸಂಸ್ಥೆಯಲ್ಲಿ ಪ್ರೊ. ಯಂಗ್‌ಸಿಕ್ ಕಿಮ್ ಅವರ ತಂಡ ಬೆಳೆಸಿದ ತಂತ್ರ ಇದು. ಫೋರ್‌ಟೂಒನ್ ಎಂಬ ಕೊರಿಯನ್ ಕಂಪನಿ ಇದೇ ಮಾದರಿಯ ಕಾಯಿನ್ ಸೆಲ್ (ನಾಣ್ಯದಾಕಾರದ ಪುಟ್ಟ ಬ್ಯಾಟರಿ) ಭಾಗಗಳನ್ನೂ ಪರೀಕ್ಷಾ ಪೆಟ್ಟಿಗೆಯನ್ನೂ ಪ್ರಯೋಗಾಲಯಗಳಿಗೆ ಮಾರುತ್ತ ಬಂದಿದೆ. ಈ ಬರಹದ ಹೆಚ್ಚಿನ ಪಾಲು ಆ ಕಿಟ್‌ಗೇ ಮೀಸಲು. ಉಳಿದೆರಡರ ಬಗ್ಗೆ ಕೊನೆಯಲ್ಲಿ ಸ್ವಲ್ಪ ಹೇಳುತ್ತೇವೆ.

ತೀರ್ಪು ಮೊದಲೇ ಹೇಳಿಬಿಡೋಣ. ವಿದ್ಯುತ್ ರಸಾಯನಶಾಸ್ತ್ರ ಕಲಿಸುವ, ಗ್ಲೌ ಬಾಕ್ಸ್ (ಹೊರಗಾಳಿ ಸೇರದ, ಕೈಗವಸಿನ ಮೂಲಕ ಒಳಗೆ ಕೆಲಸ ಮಾಡುವ ಪೆಟ್ಟಿಗೆ) ಇರುವ ಕಾಲೇಜು ಅಥವಾ ಪ್ರಯೋಗಾಲಯಕ್ಕೆ ಇದು ಕೊಳ್ಳಲೇಬೇಕಾದ ಕಿಟ್. ಒಂದೇ ಸೆಲ್‌ನಲ್ಲಿ ಸೆರಾಮಿಕ್, ಆಮ್ಲಜನಕದ ರಸಾಯನ, ತುಕ್ಕು, ಜೀವಿಗಳ ಕಾಟ ಎಲ್ಲವನ್ನೂ ತೋರಿಸಿಕೊಡುವ ಬೇರೆ ಬ್ಯಾಟರಿ ಇಲ್ಲ. ಮನೆಗೆ, ದೋಣಿಗೆ, ಪಂಪ್‌ಸೆಟ್‌ಗೆ ಎಂದು ಯಾರಾದರೂ ಇದರ ಮೇಲೆ ದುಡ್ಡು ಹಾಕಲು ಹೊರಟಿದ್ದರೆ ಮುಂದಿನ ಲೆಕ್ಕ ಓದಿ ನಿರ್ಧರಿಸಲಿ.

ಕಿಟ್‌ನ ಸೆಲ್ 2465 ಅಳತೆಯದು, ಅಂದರೆ 24 ಮಿಲಿಮೀಟರ್ ಅಗಲ, 6.5 ಮಿಲಿಮೀಟರ್ ದಪ್ಪ. ಸಾಮಾನ್ಯ ಕಾಯಿನ್ ಸೆಲ್‌ನಂತೆ ಕಂಡರೂ ಮೇಲಿನ ಮುಚ್ಚಳದಲ್ಲಿ ಕಿಟಕಿಯಿದೆ, ಆ ಕಿಟಕಿಗೆ ಬಿಳಿ ಸೆರಾಮಿಕ್ ಬಿಲ್ಲೆ ಕೂರಿಸಿರುತ್ತಾರೆ. ಈ ಬಿಲ್ಲೆಯ ಹೆಸರು ನಾಸಿಕಾನ್. ಸೋಡಿಯಂ, ಜಿರ್ಕೋನಿಯಂ, ಸಿಲಿಕಾನ್, ರಂಜಕ, ಆಮ್ಲಜನಕ ಸೇರಿದ ಈ ವಸ್ತುವನ್ನು 1976ರಲ್ಲಿ ಹಾಂಗ್ ಮತ್ತು ಗುಡ್‌ಇನಫ್ ಪ್ರಕಟಿಸಿದರು. ಸೋಡಿಯಂ ಅಯಾನುಗಳನ್ನು ಮಾತ್ರ ದಾಟಲು ಬಿಟ್ಟು ನೀರನ್ನು ತಡೆಯುವುದು ಇದರ ಕೆಲಸ. ಬಿಲ್ಲೆಯ ಒಂದು ಬದಿಯಲ್ಲಿ ನೀರು ತಗುಲಿದರೆ ಹೊತ್ತಿಕೊಳ್ಳುವ ಸೋಡಿಯಂ ಲೋಹ, ಇನ್ನೊಂದು ಬದಿಯಲ್ಲಿ ಕಡಲ ನೀರು. ನಡುವೆ ಇರುವುದು ಸುಮಾರು 1 ಮಿಲಿಮೀಟರ್ ದಪ್ಪದ ಈ ಬಿಲ್ಲೆ ಮಾತ್ರ. ಆದ್ದರಿಂದ ಪೊಟ್ಟಣ ಬಿಚ್ಚಿದ ಕೂಡಲೇ ಮಾಡಬೇಕಾದದ್ದು ಪ್ರತಿ ಬಿಲ್ಲೆಯನ್ನೂ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಅಂಚಿನುದ್ದಕ್ಕೂ ನೋಡುವುದು. ಕೂದಲೆಳೆಯಷ್ಟು ಬಿರುಕಿದ್ದರೂ ಅದನ್ನು ಬದಿಗಿಡಿ. ಒಣ ಬಿಲ್ಲೆಗೆ ಒಂದು ಹನಿ ಬಣ್ಣದ ಸ್ಪಿರಿಟ್ ಬಿಟ್ಟು ಒರೆಸಿದರೆ ಬಿರುಕಿದ್ದಲ್ಲಿ ಗೆರೆ ಉಳಿಯುತ್ತದೆ. ಹೀಗೆ ಪರೀಕ್ಷಿಸಿದ ಬಿಲ್ಲೆಯನ್ನು ತೊಳೆದು ಒಣಗಿಸಿಯೇ ಬಳಸಬೇಕು.

ಬಿಲ್ಲೆಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಹಾಕಿ ಇಡಬೇಡಿ. ಶುದ್ಧ ನೀರು ನಾಸಿಕಾನ್‌ನಿಂದ ಸೋಡಿಯಂ ಅನ್ನು ನಿಧಾನವಾಗಿ ಹೊರಗೆಳೆದು ಹರಳುಗಳ ಸಂದನ್ನು ಸಡಿಲಗೊಳಿಸುತ್ತದೆ. ಆಗಲೇ ಸೋಡಿಯಂ ತುಂಬಿರುವ ಕಡಲ ನೀರು ಅಷ್ಟು ಹಾನಿ ಮಾಡುವುದಿಲ್ಲ. ಆಮ್ಲದಿಂದಲಂತೂ ದೂರವಿಡಿ.

ಜೋಡಣೆಗೆ ಆರ್ಗಾನ್ ತುಂಬಿದ ಗ್ಲೌ ಬಾಕ್ಸ್ ಬೇಕೇ ಬೇಕು. ತೇವಾಂಶವೂ ಆಮ್ಲಜನಕವೂ 1 ಪಿಪಿಎಂಗಿಂತ ಕಡಿಮೆ ಇರಬೇಕು. ಭಾಗಗಳನ್ನೆಲ್ಲ ಹಿಂದಿನ ರಾತ್ರಿ 80 ಡಿಗ್ರಿಯಲ್ಲಿ ನಿರ್ವಾತ ಒಲೆಯಲ್ಲಿ ಒಣಗಿಸಿಟ್ಟುಕೊಳ್ಳಿ. ಸೋಡಿಯಂ ತುಂಡಿನ ಮೇಲಿನ ಮಬ್ಬು ಪದರವನ್ನು ಬ್ಲೇಡಿನಿಂದ ಕೆತ್ತಿ ತೆಗೆದು, ಹೊಳೆಯುವ ಭಾಗವನ್ನು ಮಾತ್ರ ಲಟ್ಟಿಸಿ ಬಿಲ್ಲೆಗಿಂತ ಸ್ವಲ್ಪ ಚಿಕ್ಕದಾಗಿ ಕತ್ತರಿಸಿ ಸ್ಟೀಲ್ ಸ್ಪೇಸರ್‌ಗೆ ಒತ್ತಿ ಕೂರಿಸಬೇಕು. ಅದರ ಮೇಲೆ ಸಾವಯವ ಎಲೆಕ್ಟ್ರೋಲೈಟ್ ಬಿಡುತ್ತಾರೆ. ಟೆಟ್ರಾಗ್ಲೈಮ್‌ನಲ್ಲಿ ಕರಗಿಸಿದ 1 ಮೋಲಾರ್ ಸೋಡಿಯಂ ಟ್ರೈಫ್ಲೇಟ್ ಇಲ್ಲಿ ಬಹುತೇಕರ ಆಯ್ಕೆ. ಸೋಡಿಯಂ ಮತ್ತು ಬಿಲ್ಲೆ ಎರಡೂ ಗಟ್ಟಿ ವಸ್ತುಗಳಾದ್ದರಿಂದ ಒಂದಕ್ಕೊಂದು ಎಲ್ಲ ಕಡೆಯೂ ತಾಗುವುದಿಲ್ಲ. ಈ ದ್ರವ ಆ ಸಂದು ತುಂಬುತ್ತದೆ. ಕೆಲವೇ ಹನಿ ಸಾಕು, ಆದರೆ ಗಾಳಿಗುಳ್ಳೆ ಉಳಿಯಬಾರದು. ಗುಳ್ಳೆ ಇದ್ದಲ್ಲಿ ಕರೆಂಟ್ ಹರಿಯದೆ ಉಳಿದ ಜಾಗದಲ್ಲಿ ಕರೆಂಟಿನ ಹೊರೆ ಹೆಚ್ಚಿ, ಸೋಡಿಯಂ ಸೂಜಿಯಂತೆ ಬೆಳೆದು ಸೆರಾಮಿಕ್‌ನ ಸಂದಿಗೆ ನುಗ್ಗುತ್ತದೆ.

ಕ್ರಿಂಪಿಂಗ್‌ನಲ್ಲಿ, ಅಂದರೆ ಸೆಲ್‌ನ ಅಂಚನ್ನು ಒತ್ತಿ ಮುಚ್ಚುವಾಗ, ಕೆಡುವಷ್ಟು ಸೆಲ್ ಬೇರೆಲ್ಲೂ ಕೆಡುವುದಿಲ್ಲ. ಲಿಥಿಯಂ ಸೆಲ್‌ಗೆ ಒತ್ತುವಷ್ಟೇ ಒತ್ತಿದರೆ ಬಿಲ್ಲೆ ಬಿರುಕು ಬಿಡುತ್ತದೆ, ಕಡಿಮೆ ಒತ್ತಿದರೆ ಗ್ಯಾಸ್ಕೆಟ್ ಸೋರುತ್ತದೆ. ಡೈ ನೇರವಾಗಿ ಕೂತಿರಬೇಕು, ಒತ್ತಡವನ್ನು ನಿಧಾನಕ್ಕೆ ಏರಿಸಬೇಕು. ಸೋಡಿಯಂ ಹಾಕದ ಖಾಲಿ ಸೆಲ್‌ಗಳ ಮೇಲೆ ಮೊದಲು ಒತ್ತಡವನ್ನು ಗುರುತು ಮಾಡಿಕೊಂಡು, ಅವನ್ನು ನೀರಿನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು ಒಳಗೆ ತೇವ ಹೋಗಿದೆಯೇ ಎಂದು ನೋಡುವುದು ಒಳ್ಳೆಯ ಪದ್ಧತಿ.

ಸೋಡಿಯಂ ಲೋಹದ ರಗಳೆಯೇ ಬೇಡ ಎನ್ನುವವರಿಗೆ ಎರಡು ದಾರಿಗಳಿವೆ. ಆನೋಡ್ (ಸೋಡಿಯಂ ಇರುವ ಕಡೆಯ ಎಲೆಕ್ಟ್ರೋಡ್) ಜಾಗದಲ್ಲಿ ಬರೀ ಲೋಹದ ಹಾಳೆ ಇಟ್ಟು ಮೊದಲು ಚಾರ್ಜ್ ಮಾಡಿದರೆ ಕಡಲ ನೀರಿನ ಸೋಡಿಯಂ ಬಂದು ಅಲ್ಲಿ ಲೇಪವಾಗುತ್ತದೆ. ಚದರ ಸೆಂಟಿಮೀಟರಿಗೆ 1 ಮಿಲಿಆಂಪ್-ಅವರ್ ಚಾರ್ಜ್ ಕೊಟ್ಟರೆ ಸುಮಾರು 9 ಮೈಕ್ರಾನ್ ದಪ್ಪದ ಸೋಡಿಯಂ ಪದರ. ಉಪ್ಪುನೀರಿನಿಂದ ಬೆಳ್ಳಿಯಂತಹ ಲೋಹ ಮೂಡುವುದನ್ನು ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಚೆಂದದ ಪ್ರಯೋಗ ಸಿಗಲಾರದು. ಇನ್ನೊಂದು ದಾರಿ ಹಾರ್ಡ್ ಕಾರ್ಬನ್ ಆನೋಡ್, ಅಂದರೆ ಸೋಡಿಯಂ ಅನ್ನು ತನ್ನೊಳಗೆ ಹಿಡಿದಿಡುವ ಇಂಗಾಲ. ಲೋಹದ ಸೋಡಿಯಂನ ಸೈದ್ಧಾಂತಿಕ ಸಾಮರ್ಥ್ಯ ಗ್ರಾಂಗೆ 1,166 ಮಿಲಿಆಂಪ್-ಅವರ್, ಹಾರ್ಡ್ ಕಾರ್ಬನ್ನಿನದು 300ರ ಆಸುಪಾಸು. ಸಾಮರ್ಥ್ಯ ಕಡಿಮೆಯಾದರೂ ಬಿಲ್ಲೆ ಒಡೆದಾಗಿನ ಅಪಾಯ ಬಹಳ ತಗ್ಗುತ್ತದೆ. ಬಿಎಸ್ಸಿ ತರಗತಿಗಾದರೆ ನಮ್ಮ ಶಿಫಾರಸು ಇದೇ.

ನೀರಿನ ಕಡೆಯ ಎಲೆಕ್ಟ್ರೋಡ್ ಕಾರ್ಬನ್ ಫೆಲ್ಟ್, ಅಂದರೆ ಇಂಗಾಲದ ನೂಲಿನ ಕಂಬಳಿ ತುಂಡು. ಕೊಂಡು ತಂದ ಸ್ಥಿತಿಯಲ್ಲಿ ಇದು ನೀರು ಹೀರುವುದಿಲ್ಲ, ಹನಿ ಹಾಕಿದರೆ ಮೇಲೆಯೇ ಮುತ್ತಿನಂತೆ ನಿಲ್ಲುತ್ತದೆ. ತೆರೆದ ಗಾಳಿಯ ಕುಲುಮೆಯಲ್ಲಿ 500 ಡಿಗ್ರಿಗೆ ಸುಮಾರು 2 ಗಂಟೆ ಕಾಯಿಸಿದ ಮೇಲೆ ಹನಿ ಬಿದ್ದ ತಕ್ಷಣ ಇಂಗುತ್ತದೆ. ಈ ಹಂತ ಬಿಟ್ಟರೆ ಮೊದಲ ಡಿಸ್ಚಾರ್ಜ್‌ನಲ್ಲೇ ವೋಲ್ಟೇಜ್ ಕುಸಿಯುತ್ತದೆ. ಸಂಪರ್ಕಕ್ಕೆ ಟೈಟಾನಿಯಂ ತಂತಿ ಅಥವಾ ಜಾಲರಿಯನ್ನೇ ಬಳಸಿ. ಸ್ಟೇನ್‌ಲೆಸ್ ಸ್ಟೀಲ್ ಚಾರ್ಜ್ ಆಗುವಾಗ ಕ್ಲೋರೈಡ್‌ಗೆ ಸಿಕ್ಕಿ ಗುಳಿ ಬೀಳುತ್ತದೆ. ತಾಮ್ರವಂತೂ ಕರಗಿಯೇ ಹೋಗುತ್ತದೆ.

ಈಗ ವೋಲ್ಟೇಜ್. ಕಡಲ ನೀರಿನ ಪಿಎಚ್ ಸುಮಾರು 8.1. ಆ ಸ್ಥಿತಿಯಲ್ಲಿ ಸೋಡಿಯಂ ಮತ್ತು ಆಮ್ಲಜನಕದ ನಡುವಿನ ಸೈದ್ಧಾಂತಿಕ ವೋಲ್ಟೇಜ್ 3.48. ವೇಗವರ್ಧಕ ಹಾಕದ ಬರೀ ಕಾರ್ಬನ್ ಫೆಲ್ಟ್‌ನಲ್ಲಿ ಚಾರ್ಜ್ 3.7ರಿಂದ 3.9 ವೋಲ್ಟ್‌ನಲ್ಲೂ ಡಿಸ್ಚಾರ್ಜ್ 2.5ರಿಂದ 2.9 ವೋಲ್ಟ್‌ನಲ್ಲೂ ನಡೆಯುತ್ತದೆ. ಹಾಕಿದ 100ರಲ್ಲಿ 70ರಷ್ಟು ಮರಳಿ ಬರುತ್ತದೆ ಎಂದಿಟ್ಟುಕೊಳ್ಳಿ. ಲಿಥಿಯಂ ಬ್ಯಾಟರಿಯಲ್ಲಿ ಇದು 90 ದಾಟುತ್ತದೆ. ಚಾರ್ಜ್ ಮಿತಿಯನ್ನು 4 ವೋಲ್ಟ್‌ಗಿಂತ ಕೆಳಗೇ ಇಡಬೇಕು. ಅದರ ಹತ್ತಿರಕ್ಕೆ ಹೋದರೆ ಆಮ್ಲಜನಕದ ಜೊತೆ ಕ್ಲೋರಿನ್ ಸಂಯುಕ್ತಗಳೂ ಹುಟ್ಟತೊಡಗುತ್ತವೆ. ಈಜುಕೊಳದ ವಾಸನೆ ಬಂತೆಂದರೆ ಕೂಡಲೇ ಚಾರ್ಜ್ ನಿಲ್ಲಿಸಿ ಕಿಟಕಿ ತೆರೆಯಿರಿ. ಫೆಲ್ಟ್ ಕೂಡ ಆಗ ಸವೆಯುತ್ತದೆ.

ಇದನ್ನು ಮನೆಬಳಕೆಗೆ ಬೇಡ ಎನ್ನಲು ಮೊದಲ ಕಾರಣ ಸೆರಾಮಿಕ್. ನಾಸಿಕಾನ್‌ನ ವಾಹಕತೆ ಕೋಣೆಯ ಉಷ್ಣತೆಯಲ್ಲಿ ಸೆಂಟಿಮೀಟರಿಗೆ 0.5 ಮಿಲಿಸೀಮನ್ಸ್ ಎಂದು ಹಿಡಿದರೆ, 1 ಮಿಲಿಮೀಟರ್ ದಪ್ಪದ ಬಿಲ್ಲೆಯ ಪ್ರತಿರೋಧ ಪ್ರತಿ ಚದರ ಸೆಂಟಿಮೀಟರಿಗೆ 200 ಓಮ್. 0.1 ಮಿಲಿಆಂಪ್ ಹರಿದರೆ 0.02 ವೋಲ್ಟ್ ನಷ್ಟ, ಅದು ಲೆಕ್ಕಕ್ಕಿಲ್ಲ. 1 ಮಿಲಿಆಂಪ್‌ಗೆ 0.2 ವೋಲ್ಟ್, ಸಹಿಸಬಹುದು. 10 ಮಿಲಿಆಂಪ್‌ಗೆ 2 ವೋಲ್ಟ್. ಅಲ್ಲಿಗೆ ಬ್ಯಾಟರಿಯಲ್ಲಿ ಏನೂ ಉಳಿಯಲಿಲ್ಲ. ಹಾಗಾಗಿ ಚದರ ಸೆಂಟಿಮೀಟರಿಗೆ 1 ಮಿಲಿಆಂಪ್ ಆಚೆ ಈ ಸೆಲ್‌ಗಳನ್ನು ಓಡಿಸುವುದು ವ್ಯರ್ಥ. 2.7 ವೋಲ್ಟ್‌ನಲ್ಲಿ ಅದು ಚದರ ಸೆಂಟಿಮೀಟರಿಗೆ 2.7 ಮಿಲಿವ್ಯಾಟ್. 1,000 ವ್ಯಾಟಿನ ಇಸ್ತ್ರಿ ಪೆಟ್ಟಿಗೆಗೆ ಬೇಕಾಗುವ ಸೆರಾಮಿಕ್ 37 ಚದರ ಮೀಟರ್, ಅದೂ 1,200 ಡಿಗ್ರಿ ಆಸುಪಾಸಿನ ಕುಲುಮೆಯಲ್ಲಿ ಸುಟ್ಟ, ಒಂದೇ ಒಂದು ಬಿರುಕೂ ಇಲ್ಲದ ಸೆರಾಮಿಕ್.

ಎರಡನೆಯ ಕಾರಣವನ್ನು ಜಾಹೀರಾತುಗಳು ಎತ್ತುವುದೇ ಇಲ್ಲ. ಕಡಲಲ್ಲಿ ಸೋಡಿಯಂ ಅಪಾರ ಎನ್ನುತ್ತಾರೆ. ನಿಜ, ಕೆಜಿಗೆ 10.8 ಗ್ರಾಂ ಇದೆ. ಆದರೆ ಡಿಸ್ಚಾರ್ಜ್‌ಗೆ ಬೇಕಾದದ್ದು ನೀರಿನಲ್ಲಿ ಕರಗಿದ ಆಮ್ಲಜನಕ, ಅದು ಬೆಚ್ಚಗಿನ ಕಡಲ ನೀರಿನಲ್ಲಿ ಲೀಟರಿಗೆ 7 ಮಿಲಿಗ್ರಾಂ ಮಾತ್ರ. ಪ್ರತಿ ಆಮ್ಲಜನಕದ ಅಣು 4 ಎಲೆಕ್ಟ್ರಾನ್ ತೆಗೆದುಕೊಳ್ಳುತ್ತದೆ. ಲೆಕ್ಕ ಹಾಕಿದರೆ ಒಂದು ಲೀಟರ್ ನೀರಿನಿಂದ ಸಿಗುವುದು 23 ಮಿಲಿಆಂಪ್-ಅವರ್. ಒಂದು ಆಂಪ್-ಅವರ್‌ಗೆ 43 ಲೀಟರ್ ಬೇಕು, ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 16,000 ಲೀಟರ್. ಬೆಂಗಳೂರಿನ ಬಡಾವಣೆಗಳಿಗೆ ಬರುವ 12,000 ಲೀಟರಿನ ದೊಡ್ಡ ನೀರಿನ ಟ್ಯಾಂಕರ್ ಒಂದೂಕಾಲಿಗಿಂತ ಸ್ವಲ್ಪ ಹೆಚ್ಚು ಸಲ ಬಂದು ಹೋದಷ್ಟು. ಅಲೆ ಹೊಡೆಯುವ ತೆರೆದ ಕಡಲಿನಲ್ಲಿ ಇದು ತೊಂದರೆಯಲ್ಲ. ತೊಟ್ಟಿಯಲ್ಲಿ ನಿಂತ ನೀರಾದರೆ ಬೇಗ ಬರಿದಾಗುತ್ತದೆ.

ಇದು ಮೇಜಿನ ಮೇಲಿನ ಪುಟ್ಟ ಸೆಲ್‌ಗೂ ಅನ್ವಯಿಸುತ್ತದೆ. 50 ಮಿಲಿಲೀಟರ್ ಬೀಕರಿನಲ್ಲಿ ಕಲಕದೆ ಓಡಿಸಿದರೆ ಮೊದಲ ಒಂದು ಗಂಟೆ ಚೆನ್ನಾಗಿರುತ್ತದೆ, ಆಮೇಲೆ ವೋಲ್ಟೇಜ್ 2.2ರತ್ತ ಜಾರುತ್ತದೆ. ಆ ಅಂಕಿ ಕಂಡರೆ ಸೆಲ್ ಹಾಳಾಗಿದೆ ಎಂದುಕೊಳ್ಳಬೇಡಿ. ಆಮ್ಲಜನಕ ಮುಗಿದು ನೀರೇ ಒಡೆದು ಹೈಡ್ರೋಜನ್ ಬರತೊಡಗಿದೆ ಎಂದರ್ಥ. ಮೀನಿನ ತೊಟ್ಟಿಯ ಏರ್ ಪಂಪ್ ಹಚ್ಚಿ, ಅರ್ಧ ಲೀಟರಿಗಿಂತ ಹೆಚ್ಚು ನೀರು ತುಂಬಿದರೆ ವೋಲ್ಟೇಜ್ ಮತ್ತೆ ಮೇಲೇರುತ್ತದೆ. ಕಿಟ್‌ನ ಪರೀಕ್ಷಾ ಪೆಟ್ಟಿಗೆಯಲ್ಲಿ ನೀರು ಹರಿಯುವ ಏರ್ಪಾಡು ಇರುವುದೂ ಇದಕ್ಕೇ. ಪಂಪ್ ಜೋಡಿಸುವುದನ್ನು ಸೋಮಾರಿತನದಿಂದ ಬಿಡಬೇಡಿ.

ನೀರು ಕಡಿಮೆಯಿದ್ದರೆ ಇನ್ನೊಂದು ತಾಪತ್ರಯವಿದೆ. ಡಿಸ್ಚಾರ್ಜ್ ಆಗುತ್ತ ಹೈಡ್ರಾಕ್ಸೈಡ್ ಹುಟ್ಟುತ್ತದೆ. 2 ಮಿಲಿಆಂಪ್-ಅವರ್ ಡಿಸ್ಚಾರ್ಜ್‌ನಿಂದ 50 ಮಿಲಿಲೀಟರ್ ನೀರಿಗೆ ಲೀಟರ್ ಲೆಕ್ಕದಲ್ಲಿ 1.5 ಮಿಲಿಮೋಲ್ ಹೈಡ್ರಾಕ್ಸೈಡ್ ಸೇರುತ್ತದೆ, ಕಡಲ ನೀರಿನ ಸಹಜ ಕ್ಷಾರತೆಯೇ 2.3 ಮಿಲಿಮೋಲ್. ಪಿಎಚ್ ಸರ್ರನೆ ಏರುತ್ತದೆ. 9.5 ದಾಟಿದಲ್ಲಿ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಬಿಳಿ ಹಿಟ್ಟಿನಂತೆ ಫೆಲ್ಟ್‌ನ ನೂಲುಗಳ ಮೇಲೆ ಕೂರುತ್ತದೆ, ಜೊತೆಗೆ ಸುಣ್ಣವೂ. ಮುಂದಿನ ಚಾರ್ಜ್‌ನಲ್ಲಿ ಅಲ್ಲಿ ಆಮ್ಲೀಯತೆ ಹುಟ್ಟುವುದರಿಂದ ಒಂದಷ್ಟು ಕರಗುತ್ತದೆ, ಪೂರ್ತಿ ಕರಗುವುದಿಲ್ಲ. ಚಾರ್ಜ್ ಕಡಿಮೆ, ಡಿಸ್ಚಾರ್ಜ್ ಹೆಚ್ಚು ಮಾಡುತ್ತ ಹೋದರೆ ಫೆಲ್ಟ್ ಗಾರೆ ಮೆತ್ತಿದಂತಾಗುತ್ತದೆ. ಫೆಲ್ಟ್ ಹೊರತೆಗೆದು ತೆಳು ವಿನೆಗರ್‌ನಲ್ಲಿ ಅದ್ದಿ, ಚೆನ್ನಾಗಿ ತೊಳೆದು ಮತ್ತೆ ಕೂರಿಸಬಹುದು. ಬಿಲ್ಲೆಗೆ ಮಾತ್ರ ವಿನೆಗರ್ ತಾಗಬಾರದು.

ನೀರು ತರುವ ಬಗ್ಗೆ ಕರಾವಳಿಯವರಿಗೆ ಒಂದು ಮಾತು. ಮಳೆಗಾಲದಲ್ಲಿ ಅಳಿವೆ ಬಾಗಿಲಿನ ನೀರು ತರಬೇಡಿ, ನದಿಯ ನೀರು ಬೆರೆತು ಉಪ್ಪಿನಂಶ ತೀರಾ ಇಳಿದಿರುತ್ತದೆ. ವಾಹಕತೆ ಅಳೆದು 25 ಡಿಗ್ರಿಯಲ್ಲಿ ಸುಮಾರು 50 ಮಿಲಿಸೀಮನ್ಸ್ ಇದ್ದರೆ ಸರಿ. ಸೋಸಿ, ಫ್ರಿಜ್‌ನಲ್ಲಿಟ್ಟು ಬೇಗ ಬಳಸಿ. ಕಡಲಿನಿಂದ ದೂರದ ಊರುಗಳವರು ಲೀಟರಿಗೆ 35 ಗ್ರಾಂ ಅಡುಗೆ ಉಪ್ಪು ಕಲಸಿ ಓಡಿಸುವುದುಂಟು. ಸೆಲ್ ನಡೆಯುತ್ತದೆ, ಆದರೆ ಅದರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಬೈಕಾರ್ಬನೇಟ್ ಸಾಕಷ್ಟಿಲ್ಲದ ಕಾರಣ ಬಿಳಿ ಪದರ ಕಟ್ಟುವುದಿಲ್ಲ, ಪಿಎಚ್ ಮಾತ್ರ ಅತ್ತಿಂದಿತ್ತ ಹಾರುತ್ತದೆ. ಆ ಫಲಿತಾಂಶವನ್ನು ಕಡಲ ನೀರಿನದು ಎಂದು ವರದಿಯಲ್ಲಿ ಬರೆಯಬಾರದು. ಅಕ್ವೇರಿಯಂ ಅಂಗಡಿಯ ಸಮುದ್ರ ಮೀನಿನ ಉಪ್ಪು ಇದಕ್ಕಿಂತ ವಾಸಿ. ಸೋಸದ ನೀರಿನಲ್ಲಿ ವಾರಗಟ್ಟಲೆ ಬಿಟ್ಟರೆ ಫೆಲ್ಟ್ ಮೇಲೆ ಲೋಳೆ ಬೆಳೆಯುತ್ತದೆ. ತೆರೆದ ಕಡಲಿನಲ್ಲಾದರೆ ಪಾಚಿ, ಚಿಪ್ಪುಜೀವಿಗಳೂ ಬಂದು ಕೂರುತ್ತವೆ. ತೇಲು ಬೋಯೆ, ಲೈಫ್ ಜಾಕೆಟ್ ದೀಪದಂತಹ ಸಣ್ಣ ಕರೆಂಟಿನ ಕೆಲಸಗಳತ್ತ ಈ ಬ್ಯಾಟರಿಯನ್ನು ಒಯ್ಯುತ್ತಿರುವುದು ಸರಿಯಾದ ದಿಕ್ಕೇ. ಆದರೆ ಅಲ್ಲಿ ಮೊದಲು ಗೆಲ್ಲಬೇಕಾದದ್ದು ಈ ಜೀವಿಗಳನ್ನು.

ಸೋಡಿಯಂ ಹಾಕಿದ ಸೆಲ್ ಮೊದಲ ಸಲ ನೀರಿಗಿಳಿಸಿದಾಗ ಮೀಟರ್ 3 ವೋಲ್ಟ್ ಆಸುಪಾಸು ತೋರಿಸಿ ನಿಂತರೆ ಜೋಡಣೆ ಸರಿಯಾಗಿದೆ. ಅಂಕಿ ನಿಲ್ಲದೆ ಇಳಿಯುತ್ತಲೇ ಇದ್ದರೆ, ಕಿಟಕಿಯ ಅಂಚಿನಿಂದ ಸಣ್ಣ ಗುಳ್ಳೆ ಏಳುತ್ತಿದ್ದರೆ, ಸೆಲ್‌ನ ಹಿಂಬದಿ ಉಬ್ಬಿದರೆ ಒಳಗೆ ನೀರು ನುಗ್ಗಿದೆ. ಕೈಯಿಂದ ಎತ್ತಬೇಡಿ. ಉದ್ದನೆಯ ಪ್ಲಾಸ್ಟಿಕ್ ಚಿಮಟದಲ್ಲಿ ಹಿಡಿದು ಒಣ ಮರಳಿಗೆ ಹಾಕಿ ಫ್ಯೂಮ್ ಹುಡ್ (ಹೊಗೆಯನ್ನು ಹೊರಗೆಳೆಯುವ ಪ್ರಯೋಗಾಲಯದ ಗೂಡು) ಒಳಗಿಡಿ. ಎಲ್ಲ ಸರಿಯಿದ್ದರೆ ಮೊದಲ ಸುತ್ತನ್ನು ಚದರ ಸೆಂಟಿಮೀಟರಿಗೆ 0.05 ಮಿಲಿಆಂಪ್‌ನಲ್ಲಿ ಓಡಿಸಿ, ಆಮೇಲೆ 0.1ಕ್ಕೆ ಏರಿಸಿ.

ಎರಡನೆಯ ಬಗೆಯ ಬ್ಯಾಟರಿಗೆ ಬರೋಣ. ಅಮೆರಿಕದ ಪೆನ್ಸಿಲ್ವೇನಿಯಾದ ಅಕ್ವಿಯಾನ್ ಎನರ್ಜಿ ಇದರಲ್ಲಿ ಹೆಸರಾದ ಕಂಪನಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪ್ರೊ. ಜೇ ವಿಟಾಕರ್ ರೂಪಿಸಿದ ಬ್ಯಾಟರಿಯಲ್ಲಿ ಒಂದು ಕಡೆ ಮ್ಯಾಂಗನೀಸ್ ಆಕ್ಸೈಡ್, ಇನ್ನೊಂದು ಕಡೆ ಇಂಗಾಲ ಮತ್ತು ಟೈಟಾನಿಯಂ ಫಾಸ್ಫೇಟ್, ನಡುವೆ ಹತ್ತಿಯಂತಹ ಪದರ, ಸೋಡಿಯಂ ಸಲ್ಫೇಟ್ ದ್ರಾವಣ. ಬೆಂಕಿಯ ಭಯವಿಲ್ಲ, ವಿಷವಿಲ್ಲ. ಪೂರ್ತಿ ಖಾಲಿ ಮಾಡಿದರೂ ಕೆಡುವುದಿಲ್ಲ. ಹವಾಯಿಯ ಬಾಕನ್ ಹಾಲೆ ಎಂಬ ಗ್ರಿಡ್ ಇಲ್ಲದ ಎಸ್ಟೇಟ್‌ನಲ್ಲಿ ಒಟ್ಟು 1,000 ಯೂನಿಟ್ (ಕಿಲೋವ್ಯಾಟ್-ಅವರ್) ವಿದ್ಯುತ್ ಹಿಡಿಯುವಷ್ಟು ಇಂಥ ಬ್ಯಾಟರಿಗಳನ್ನು ಅಳವಡಿಸಿದ್ದರು. 2015ರಲ್ಲಿ ವಿಟಾಕರ್‌ಗೆ ಲೆಮೆಲ್ಸನ್-ಎಂಐಟಿ ಪ್ರಶಸ್ತಿ ಬಂತು. 2017ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಲಿಥಿಯಂ ಬ್ಯಾಟರಿಗಳ ಬೆಲೆ ಕುಸಿದ ಹೊಡೆತವನ್ನು ಅದು ತಡೆಯಲಾಗಲಿಲ್ಲ.

ಆ್ಯಸ್ಪೆನ್ ಎಂಬ ಅದರ 48 ವೋಲ್ಟ್ ಕಂಬ (ಬ್ಯಾಟರಿಗಳನ್ನು ಒಂದರ ಮೇಲೊಂದು ಪೇರಿಸಿದ್ದು) ಎಲ್ಲಾದರೂ ಹಳೆಯ ಮಾಲಾಗಿ ಸಿಕ್ಕರೆ, ಅಮೆರಿಕದಲ್ಲಿ ಸೋಲಾರ್ ಹಾಕಿಕೊಂಡ ಕನ್ನಡಿಗರಿಗೆ ಇಂಥದ್ದು ಕಣ್ಣಿಗೆ ಬೀಳುವ ಸಾಧ್ಯತೆ ಇದೆ, ಮೊದಲು ತೂಕ ಯೋಚಿಸಿ. 2.2 ಯೂನಿಟ್‌ಗೆ 118 ಕೆಜಿ. ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಪೆಟ್ಟಿಗೆ 25 ಕೆಜಿಯೊಳಗೆ ಬರುತ್ತದೆ. ಒಳಗಿರುವ 8 ಬ್ಯಾಟರಿಗಳು ಸರಣಿಯಲ್ಲಿವೆ, ತಲಾ ಸುಮಾರು 6 ವೋಲ್ಟ್. ಒಂದೊಂದನ್ನೂ ಬೇರೆಯಾಗಿ ಅಳೆಯಿರಿ. ಒಂದು ಎದ್ದು ಕಾಣುವಷ್ಟು ಕಡಿಮೆಯಿದ್ದರೆ ಇಡೀ ಕಂಬ ಅದರ ಮಟ್ಟಕ್ಕೇ ಇಳಿಯುತ್ತದೆ. ಇದರ ವೋಲ್ಟೇಜ್ ಚಾರ್ಜ್ ಆದಾಗ 60ರ ಹತ್ತಿರ, ಖಾಲಿಯಾಗುವಾಗ 40. ಸೀಸದ ಬ್ಯಾಟರಿಗೆ ಹೊಂದಿಸಿದ ಇನ್ವರ್ಟರ್ 42ಕ್ಕೋ 44ಕ್ಕೋ ಕಟ್ ಆಗುವುದರಿಂದ ಕೆಳಗಿನ ಪಾಲು ಕೈಗೆ ಸಿಗುವುದೇ ಇಲ್ಲ. ಕಟ್-ಆಫ್ ಅನ್ನು ಬದಲಿಸಲು ಬರುವ ಇನ್ವರ್ಟರ್ ಇದ್ದರಷ್ಟೇ ಕೊಳ್ಳಿ, ಈಕ್ವಲೈಸೇಶನ್ (ಸೀಸದ ಬ್ಯಾಟರಿಗೆ ಆಗಾಗ ಕೊಡುವ ಹೆಚ್ಚುವರಿ ಚಾರ್ಜ್) ಆಫ್ ಮಾಡಿ. ದಪ್ಪ ಎಲೆಕ್ಟ್ರೋಡ್‌ಗಳಾದ್ದರಿಂದ ಹತ್ತಾರು ಗಂಟೆ ನಿಧಾನಕ್ಕೆ ಬಳಸಿದರೆ ಮಾತ್ರ ಪೂರ್ತಿ ಸಾಮರ್ಥ್ಯ ಕೊಡುತ್ತದೆ. ಚಳಿಯ ಊರುಗಳಲ್ಲಿ ಮೈನಸ್ 5 ಡಿಗ್ರಿಗಿಂತ ಕೆಳಗೆ ಇಡಬೇಡಿ. ಸೋಡಿಯಂ ಸಲ್ಫೇಟ್ 32 ಡಿಗ್ರಿಯಲ್ಲಿ 100 ಮಿಲಿಲೀಟರ್ ನೀರಿಗೆ ಸುಮಾರು 50 ಗ್ರಾಂ ಕರಗಿದರೆ 0 ಡಿಗ್ರಿಯಲ್ಲಿ 5 ಗ್ರಾಂ ಕೂಡ ಕರಗುವುದಿಲ್ಲ. ತಣ್ಣಗಾದಂತೆ ಒಳಗೇ ಹರಳುಗಟ್ಟುತ್ತದೆ.

ದೀಪಗಳ ವಿಷಯ ಚಿಕ್ಕದು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ರೂಪಿಸಿದ ರೋಶನಿ ದೀಪವನ್ನು 2022ರ ಆಗಸ್ಟ್‌ನಲ್ಲಿ ಸಾಗರ್ ಅನ್ವೇಷಿಕಾ ಹಡಗಿನಲ್ಲಿ ಬಿಡುಗಡೆ ಮಾಡಿದರು. ಮೀನುಗಾರರಿಗೆ ಉಪಯುಕ್ತ ವಸ್ತು. ಕಡಲ ನೀರು ಸುರಿದರೆ ಎಲ್‌ಇಡಿ ಉರಿಯುತ್ತದೆ, ಉಪ್ಪು ಕಲಸಿದ ಸಾದಾ ನೀರಿಗೂ ಉರಿಯುತ್ತದೆ. ಆದರೆ ಇಂಥ ದೀಪಗಳಲ್ಲಿ ಶಕ್ತಿ ಬರುವುದು ಸವೆಯುವ ಲೋಹದ ಎಲೆಕ್ಟ್ರೋಡ್‌ನಿಂದ, ನೀರು ಬರೀ ದಾರಿ. ಚಾರ್ಜರ್‌ಗೆ ಸಿಕ್ಕಿಸಿ ತುಂಬಿಸಲು ಬರುವುದಿಲ್ಲ. ಕೊಳ್ಳುವಾಗ ಬದಲಿ ಎಲೆಕ್ಟ್ರೋಡ್ ಸಿಗುತ್ತದೆಯೇ ಎಂದು ಕೇಳಿ.

ಕೊನೆಗೆ, ಸೋಡಿಯಂ ಇರುವ ಬಳಸಿದ ಸೆಲ್‌ಗಳ ವಿಲೇವಾರಿ. ಕಸದ ಬುಟ್ಟಿಗೂ ಸಿಂಕಿಗೂ ಹಾಕುವಂತಿಲ್ಲ. ಗ್ಲೌ ಬಾಕ್ಸ್‌ನಲ್ಲೇ ಬಿಚ್ಚಿ, ಸೋಡಿಯಂ ತುಣುಕುಗಳನ್ನು ಒಣ ಮಿನರಲ್ ಆಯಿಲ್‌ನಲ್ಲಿ ಮುಳುಗಿಸಿ ಹೊರತನ್ನಿ. ಫ್ಯೂಮ್ ಹುಡ್‌ನಲ್ಲಿ, ಸುತ್ತಮುತ್ತ ಕಿಡಿ ಇಲ್ಲದಂತೆ, ಒಣ ಐಸೊಪ್ರೊಪೈಲ್ ಆಲ್ಕೊಹಾಲ್ ಹನಿಹನಿಯಾಗಿ ಸೇರಿಸಿ. ಗುಳ್ಳೆ ಪೂರ್ತಿ ನಿಂತ ಮೇಲೆ ಎಥನಾಲ್, ಅದೂ ಶಾಂತವಾದ ಮೇಲೆಯೇ ನೀರು. ಕ್ಲೋರೋಫಾರ್ಮ್‌ನಂತಹ ಕ್ಲೋರಿನ್ ಇರುವ ದ್ರಾವಕ ಹತ್ತಿರವೂ ಬರಬಾರದು, ಸೋಡಿಯಂ ಜೊತೆ ಸೇರಿದರೆ ಸ್ಫೋಟಿಸಬಹುದು. ಬೆಂಕಿ ಹತ್ತಿದರೆ ನೀರು, ಕಾರ್ಬನ್ ಡೈಆಕ್ಸೈಡ್, ಗೋಡೆಗೆ ತೂಗುಹಾಕಿದ ಸಾಮಾನ್ಯ ಎಬಿಸಿ ಸಿಲಿಂಡರ್ ಯಾವುದೂ ಬೇಡ. ಒಣ ಮರಳಿನ ಬಕೆಟ್ ಅಥವಾ ಲೋಹದ ಬೆಂಕಿಗೆಂದೇ ಇರುವ ಡಿ ದರ್ಜೆಯ ಪುಡಿಯನ್ನು ಕೆಲಸ ಶುರುಮಾಡುವ ಮೊದಲೇ ಕೈಗೆಟುಕುವಲ್ಲಿ ಇಟ್ಟುಕೊಂಡಿರಬೇಕು.